ಬೆಳಕಿನ ವೇಗ = 1 ಎಂದು ಬರೆಯುವುದು ಹೇಗೆ? ಕೆ.ಜಿ.ಎಫ್. ಆಳದ ಮೂರು ಲೆಕ್ಕಗಳ ಮೂಲಕ ನೈಸರ್ಗಿಕ ಏಕಮಾನಗಳು

ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದವರನ್ನು ‘ನೀರು ಎಷ್ಟು ಬಿತ್ತು?’ ಎಂದು ಕೇಳಿ. ‘ಎರಡು ಇಂಚು’ ಅನ್ನುತ್ತಾರೆ. ಇಂಚು ಉದ್ದದ ಅಳತೆ. ನಾವು ಕೇಳಿದ್ದು ಗಂಟೆಗೆ ಎಷ್ಟು ನೀರು ಅಂತ. ಆದರೂ ಕೇಳಿದವರಿಗೂ ಹೇಳಿದವರಿಗೂ ಗೊಂದಲವಿಲ್ಲ. ಹೊರಬರುವ ನೀರನ್ನು ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಸಿ, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿದೆ ಎಂದು ಅಳೆಯುತ್ತಾರೆ. ಕಚ್ಚಿನ ಕೋನ ಮೊದಲೇ ಗೊತ್ತು, ಭೂಮಿಯ ಗುರುತ್ವ ಮಾಲೂರಿನಲ್ಲೂ ಮುಳಬಾಗಿಲಿನಲ್ಲೂ ಒಂದೇ. ಹಾಗಾಗಿ ಎತ್ತರ ಹೇಳಿದರೆ ಸಾಕು, ಹರಿವು ಹೇಳಿದ ಹಾಗೆಯೇ.

ಅಂದರೆ ಭೂಮಿಯ ಗುರುತ್ವದ ಬೆಲೆ ಒಂದು ಸ್ಥಿರಾಂಕವಾಗಿ ಆ ತಗಡಿನಲ್ಲಿ ಅಡಗಿ ಕೂತಿದೆ. ಅದು ಅಲ್ಲಿದೆ ಎಂದು ಮರೆತವರು ‘ಎರಡು ಇಂಚು ಅಂದರೆ ಒಂದು ಇಂಚಿನ ಎರಡರಷ್ಟು’ ಎಂದುಕೊಳ್ಳುತ್ತಾರೆ. ಹರಿವು ಎತ್ತರದ ಎರಡೂವರೆ ಘಾತದ ಹಾಗೆ ಏರುತ್ತದೆ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಅಂದರೆ ಸೆಕೆಂಡಿಗೆ ಸುಮಾರು 0.14 ಲೀಟರ್, ಎರಡು ಇಂಚು ಅಂದರೆ ಸುಮಾರು 0.8 ಲೀಟರ್. ಐದೂವರೆ ಪಟ್ಟಿಗೂ ಹೆಚ್ಚು.

ಭೌತವಿಜ್ಞಾನಿಗಳು ‘ಪ್ರೋಟಾನಿನ ದ್ರವ್ಯರಾಶಿ 0.938 ಜಿಇವಿ’, ‘ಮ್ಯೂಯಾನಿನ ಆಯುಸ್ಸು 659 ಮೀಟರ್’ ಎಂದು ಮಾತನಾಡುವಾಗಲೂ ನಡೆಯುತ್ತಿರುವುದು ಇದೇ. ಜಿಇವಿ ಶಕ್ತಿಯ ಅಳತೆ, ಮೀಟರ್ ಉದ್ದದ ಅಳತೆ; ಆದರೂ ದ್ರವ್ಯರಾಶಿಯನ್ನೂ ಕಾಲವನ್ನೂ ಅವುಗಳಲ್ಲಿ ಹೇಳುತ್ತಾರೆ. ಒಂದೆರಡು ಸ್ಥಿರಾಂಕಗಳನ್ನು ಬೇಕೆಂದೇ ಬಚ್ಚಿಟ್ಟಿದ್ದಾರೆ. ಹೀಗೆ ಬಚ್ಚಿಟ್ಟು ಪಡೆದ ಅಳತೆಗಳೇ ನೈಸರ್ಗಿಕ ಏಕಮಾನಗಳು. ಎಂ.ಎಸ್ಸಿ. ಮೊದಲ ವರ್ಷದಲ್ಲಿ ಕಣ ಭೌತವಿಜ್ಞಾನದ ಪುಸ್ತಕ ತೆರೆದರೆ ‘ಸಿ = ಎಚ್-ಬಾರ್ = 1’ ಎಂಬ ಒಂದೇ ಸಾಲು ಇರುತ್ತದೆ (ಸಿ ಅಂದರೆ ಬೆಳಕಿನ ವೇಗ, ಎಚ್-ಬಾರ್ ಅಂದರೆ ಕ್ವಾಂಟಂ ಲೆಕ್ಕಗಳಲ್ಲಿ ಬರುವ ಪ್ಲಾಂಕ್ ಸ್ಥಿರಾಂಕವನ್ನು 2 ಪೈನಿಂದ ಭಾಗಿಸಿದ್ದು), ಮುಂದಿನ ಪುಟದಿಂದ ಮೀಟರು, ಸೆಕೆಂಡು ಎಲ್ಲವೂ ಮಾಯ. ಬಚ್ಚಿಟ್ಟಿದ್ದನ್ನು ಮತ್ತೆ ಹೊರತೆಗೆಯುವುದು ಹೇಗೆ ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಅದನ್ನೇ. ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ. ಇದಕ್ಕೆ ಬೇಕಾದ ಮ್ಯೂಯಾನು (ಎಲೆಕ್ಟ್ರಾನಿನ ಜಾತಿಯ, ಅದಕ್ಕಿಂತ ಭಾರದ ಕಣ), ನ್ಯೂಟ್ರಿನೊ (ದ್ರವ್ಯಕ್ಕೆ ತಾಗುವುದೇ ಅಪರೂಪವಾದ ಕಣ), ಪ್ರೋಟಾನು ಮೂರನ್ನೂ ನಮ್ಮ ಚಿನ್ನದ ಗಣಿಯ ತಳದಲ್ಲಿಯೇ ಅಳೆದಿದ್ದರು, ಇಲ್ಲವೇ ಅಳೆಯಲು ಕಾದು ಕೂತಿದ್ದರು.

ಹೆಜ್ಜೆ 1: ಯಾವ ಸ್ಥಿರಾಂಕ ಪದೇ ಪದೇ ಬರುತ್ತಿದೆ ಎಂದು ಮೊದಲು ನೋಡಿ

ಏಕಮಾನ ಪದ್ಧತಿಯನ್ನು ಪ್ರಕೃತಿ ಕೊಡುವುದಿಲ್ಲ, ಜನ ಕೂತು ಆರಿಸುತ್ತಾರೆ. ಆರಿಸುವಾಗ ಯಾರ ಕೆಲಸ ಸುಲಭವಾಗಬೇಕು ಎಂಬುದೇ ಮುಖ್ಯ. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನವರು ಭೂಮಿಯ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಪಾಲನ್ನು ಮೀಟರ್ ಎಂದು ಕರೆದದ್ದು ಯಾವ ಊರಿನ, ಯಾವ ರಾಜನ ಅಳತೆಗೋಲೂ ಅಲ್ಲದ ಒಂದು ಅಳತೆ ಬೇಕಾಗಿತ್ತು ಅಂತ. ನಮ್ಮಲ್ಲಿ 1956ರ ಕಾಯ್ದೆಯ ನಂತರ ಸೇರು, ಮಣ, ತೊಲಗಳ ಜಾಗಕ್ಕೆ ಕಿಲೋಗ್ರಾಂ, ಗ್ರಾಂ ಬಂದವು. ವ್ಯಾಪಾರಕ್ಕೆ ಬೇಕಾದ್ದು ಎಲ್ಲ ಸಂತೆಯಲ್ಲೂ ಒಂದೇ ತೂಕ, ಅಷ್ಟೇ.

ಈಗಿನ ಎಸ್‌ಐ ಪದ್ಧತಿಯ ಒಳಗೆ ಕಣ್ಣುಹಾಯಿಸಿದರೆ ಒಂದು ವಿಚಿತ್ರ ಕಾಣುತ್ತದೆ. 1983ರಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ ಸರಿಯಾಗಿ 29,97,92,458 ಮೀಟರ್ ಎಂದು ಗೊತ್ತುಮಾಡಿ, ಮೀಟರನ್ನು ಅದರಿಂದ ಪಡೆದರು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವನ್ನೂ 6.62607015 × 10⁻³⁴ ಜೂಲ್-ಸೆಕೆಂಡ್ ಎಂದು ಗೊತ್ತುಮಾಡಿ, ಕಿಲೋಗ್ರಾಮನ್ನು ಅದರಿಂದ ಪಡೆಯುತ್ತಿದ್ದೇವೆ. ಪ್ಯಾರಿಸ್ ಬಳಿಯ ಕಪಾಟಿನಲ್ಲಿದ್ದ ಲೋಹದ ತುಂಡಿಗೆ ಕೆಲಸ ತಪ್ಪಿತು. ಅಂದರೆ ತರಕಾರಿ ಮಂಡಿಯ ತಕ್ಕಡಿಯೂ ಈಗ ನಿಂತಿರುವುದು ಬೆಳಕಿನ ವೇಗ ಮತ್ತು ಪ್ಲಾಂಕ್ ಸ್ಥಿರಾಂಕಗಳ ಮೇಲೆಯೇ. ಕಣ ಭೌತವಿಜ್ಞಾನಿ ಮಾಡುವುದು ಇನ್ನೊಂದೇ ಹೆಜ್ಜೆ. ಹಳೆಯ ಮೀಟರಿನ ಉದ್ದ ಬದಲಾಗದಿರಲಿ ಎಂದು ಉಳಿಸಿಕೊಂಡ ಆ ಉದ್ದನೆಯ ಸಂಖ್ಯೆಯನ್ನೂ ಬಿಟ್ಟು, ಅದರ ಜಾಗದಲ್ಲಿ 1 ಬರೆಯುತ್ತಾನೆ.

ಯಾವುದನ್ನು 1 ಮಾಡುವುದು? ಇಲ್ಲಿ ಒಂದೇ ಉತ್ತರವಿಲ್ಲ. ಐರ್ಲೆಂಡಿನ ಜಾರ್ಜ್ ಜಾನ್‌ಸ್ಟನ್ ಸ್ಟೋನಿ 1874ರಲ್ಲಿ ಬೆಳಕಿನ ವೇಗ, ಗುರುತ್ವ ಸ್ಥಿರಾಂಕ ಮತ್ತು ವಿದ್ಯುದಂಶದ ಅತಿ ಚಿಕ್ಕ ತುಣುಕು, ಈ ಮೂರನ್ನು ಹಿಡಿದು ಏಕಮಾನ ಕಟ್ಟಿದ. ಆಗಿನ್ನೂ ಎಲೆಕ್ಟ್ರಾನನ್ನು ಯಾರೂ ಕಂಡಿರಲಿಲ್ಲ. 1899ರಲ್ಲಿ ಮ್ಯಾಕ್ಸ್ ಪ್ಲಾಂಕ್ ವಿದ್ಯುದಂಶದ ಬದಲು ತನ್ನದೇ ಸ್ಥಿರಾಂಕ ತಂದ. ಅಣುಗಳ ರಸಾಯನ ಲೆಕ್ಕ ಮಾಡುವವರು 1928ರಲ್ಲಿ ಡಗ್ಲಸ್ ಹಾರ್ಟ್ರಿ ಹಾಕಿಕೊಟ್ಟ ದಾರಿ ಹಿಡಿದು ಎಲೆಕ್ಟ್ರಾನಿನ ದ್ರವ್ಯರಾಶಿ, ಅದರ ವಿದ್ಯುದಂಶ, ಎಚ್-ಬಾರ್ ಇವನ್ನು 1 ಮಾಡಿಕೊಂಡಿದ್ದಾರೆ. ಅವರ ಪದ್ಧತಿಯಲ್ಲಿ ಬೆಳಕಿನ ವೇಗ 1 ಅಲ್ಲ, ಸುಮಾರು 137. ಪರಮಾಣುವಿನ ಹೊರಕವಚದಲ್ಲಿ ಎಲೆಕ್ಟ್ರಾನು ನಿಧಾನವಾಗಿ ಓಡುತ್ತದೆ, ಬೆಳಕಿನ ವೇಗ ಅಲ್ಲಿ ಅಪರೂಪದ ಅತಿಥಿ. ಅದನ್ನು 1 ಮಾಡಿ ಅವರಿಗೇನೂ ಲಾಭವಿಲ್ಲ.

ಪ್ಲಾಂಕ್ ಏಕಮಾನಗಳ ಬಗ್ಗೆ ಜನಪ್ರಿಯ ಬರಹಗಳಲ್ಲಿ ಕಾಣುವ ಸಡಗರ ನನಗೆ ಹಿಡಿಸುವುದಿಲ್ಲ. ಪ್ಲಾಂಕ್ ಉದ್ದ 1.6 × 10⁻³⁵ ಮೀಟರ್, ಕಾಲ 5.4 × 10⁻⁴⁴ ಸೆಕೆಂಡ್. ಇವನ್ನು ‘ಪ್ರಕೃತಿಯ ಅತಿ ಚಿಕ್ಕ ತುಣುಕು’ ಎಂದು ಬರೆದುಬಿಡುತ್ತಾರೆ. ಹಾಗೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಅದೇ ಪಟ್ಟಿಯಲ್ಲಿರುವ ಪ್ಲಾಂಕ್ ದ್ರವ್ಯರಾಶಿ ಸುಮಾರು 0.02 ಮಿಲಿಗ್ರಾಂ, ಧೂಳಿನ ಕಣದಷ್ಟು. ಅದನ್ನು ಯಾರೂ ಅತಿ ಚಿಕ್ಕದು ಅನ್ನುವುದಿಲ್ಲ! ಗುರುತ್ವ ಮತ್ತು ಕ್ವಾಂಟಂ ಎರಡೂ ಒಟ್ಟಿಗೆ ಲೆಕ್ಕಕ್ಕೆ ಬರುವ ಕಡೆ ಮಾತ್ರ ಈ ಪದ್ಧತಿ ಉಪಯೋಗಕ್ಕೆ ಬರುತ್ತದೆ. ಮಿಕ್ಕ ಕಡೆ ಗುರುತ್ವ ಸ್ಥಿರಾಂಕವನ್ನು ಹಾಗೆಯೇ ಬಿಡುವುದು ಮೇಲು.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಆಯ್ಕೆ ಸಿಗುತ್ತದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದೆ. ತರಂಗದೂರ ಸುಮಾರು 8.7 ಮೀಟರ್. ಆ ಆವರ್ತಾಂಕದ ಒಂದು ಫೋಟಾನಿನ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟಿನಲ್ಲಿ ಹೇಳಬಹುದು, 1.4 × 10⁻⁷ ಬರುತ್ತದೆ. ಆದರೆ ರೇಡಿಯೊ ಖಗೋಳಜ್ಞರು ಹಾಗೆ ಹೇಳುವುದಿಲ್ಲ. ಅಲ್ಲಿ ಒಂದೊಂದೇ ಫೋಟಾನನ್ನು ಎಣಿಸುವ ಮಾತೇ ಇಲ್ಲ. ಅವರು ಆಕಾಶದ ಹೊಳಪನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಈ ಆವರ್ತಾಂಕದಲ್ಲಿ ಅದು ಸಾವಿರಾರು ಕೆಲ್ವಿನ್. ಅಲ್ಲಿ ಅಷ್ಟು ಬಿಸಿಯಾದ ವಸ್ತು ಏನೂ ಇರಬೇಕಿಲ್ಲ. ಬಹುಪಾಲು ಅದು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳ ಹೊಳಪು. ತಾಪವನ್ನು ಶಕ್ತಿಗೆ ತಿರುಗಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಬಚ್ಚಿಟ್ಟು ಹೊಳಪನ್ನು ತಾಪದ ಹೆಸರಿನಲ್ಲಿ ಕರೆದಿದ್ದಾರೆ, ಅಷ್ಟೇ.

ನಮ್ಮ ಲೆಕ್ಕಗಳಲ್ಲಿ ಕಣಗಳು ಬೆಳಕಿನ ವೇಗದ ಹತ್ತಿರ ಓಡುತ್ತವೆ, ಕ್ವಾಂಟಂ ನಿಯಮಕ್ಕೆ ಒಳಪಟ್ಟಿವೆ. ಹಾಗಾಗಿ ಬೆಳಕಿನ ವೇಗ ಮತ್ತು ಎಚ್-ಬಾರ್ ಎರಡನ್ನು 1 ಮಾಡೋಣ. ಉಳಿಯುವ ಒಂದು ಅಳತೆ ಶಕ್ತಿ. ಅದಕ್ಕೆ ಗಿಗಾ ಎಲೆಕ್ಟ್ರಾನ್‌ವೋಲ್ಟ್, ಚಿಕ್ಕದಾಗಿ ಜಿಇವಿ. ಒಂದು ಜಿಇವಿ ಅಂದರೆ 1.602 × 10⁻¹⁰ ಜೂಲ್.

ಹೆಜ್ಜೆ 2: ಪ್ರತಿಯೊಂದು ರಾಶಿಗೂ ಶಕ್ತಿಯ ಘಾತ ಬರೆದುಕೊಳ್ಳಿ

ಬೆಳಕಿನ ವೇಗ 1 ಆದಕೂಡಲೇ ದೂರವೂ ಕಾಲವೂ ಒಂದೇ ಜಾತಿ. ದ್ರವ್ಯರಾಶಿ, ಸಂವೇಗ, ಶಕ್ತಿ ಒಂದೇ ಜಾತಿ. ಎಚ್-ಬಾರ್ 1 ಆದಕೂಡಲೇ ಶಕ್ತಿಯನ್ನು ಕಾಲದಿಂದ ಗುಣಿಸಿದರೆ ಬರಿಯ ಸಂಖ್ಯೆ. ಹಾಗಾಗಿ ಕಾಲ ಅಂದರೆ ಶಕ್ತಿಯ ವಿಲೋಮ. ಇಷ್ಟರಿಂದ ಉಳಿದದ್ದೆಲ್ಲ ತಾನಾಗಿ ಬರುತ್ತದೆ: ದ್ರವ್ಯರಾಶಿ, ಸಂವೇಗಕ್ಕೆ ಘಾತ 1. ಉದ್ದ, ಕಾಲಕ್ಕೆ −1. ವಿಸ್ತೀರ್ಣಕ್ಕೆ −2. ಘನ ಅಳತೆಗೆ −3, ಶಕ್ತಿಯ ಸಾಂದ್ರತೆಗೆ 4. ವೇಗ, ಕೋನೀಯ ಸಂವೇಗಕ್ಕೆ 0. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೂ 1 ಮಾಡಿದರೆ ತಾಪಕ್ಕೂ 1.

ಈ ಘಾತಗಳನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿ. ಈ ಪದ್ಧತಿಗೆ ತೆರುವ ಬೆಲೆ ಇಲ್ಲೇ ಇದೆ. ಎಸ್‌ಐನಲ್ಲಿ ಒಂದು ಬೆಳಕಿನ ವೇಗ ಬಿಟ್ಟುಹೋದರೆ ಮೀಟರು, ಸೆಕೆಂಡು ಹೊಂದದೆ ತಪ್ಪು ಸಿಕ್ಕಿಬೀಳುತ್ತದೆ. ಇಲ್ಲಿ ಸಿಕ್ಕಿಬೀಳುವುದಿಲ್ಲ. ಉಳಿದಿರುವ ಒಂದೇ ಕಾವಲು ಅಂದರೆ ಸಮೀಕರಣದ ಎರಡೂ ಬದಿ ಶಕ್ತಿಯ ಘಾತ ಸಮನಾಗಿರಬೇಕು ಎಂಬುದು.

ಹೆಜ್ಜೆ 3: ವಾಪಸು ಬರುವ ದಾರಿಯ ಸಂಖ್ಯೆಗಳನ್ನು ಬಾಯಿಪಾಠ ಮಾಡಿ

ಎರಡು ಸಾಕು.

ಜಿಇವಿ⁻¹ ಅನ್ನು ಕಾಲಕ್ಕೆ ತಿರುಗಿಸಲು: 6.582 × 10⁻²⁵ ಸೆಕೆಂಡ್.
ಜಿಇವಿ⁻¹ ಅನ್ನು ಉದ್ದಕ್ಕೆ ತಿರುಗಿಸಲು: 1.973 × 10⁻¹⁶ ಮೀಟರ್.

ಎರಡನೆಯದನ್ನು ವರ್ಗ ಮಾಡಿದರೆ ಜಿಇವಿ⁻² ಅಂದರೆ 3.894 × 10⁻³² ಚದರ ಮೀಟರ್. ದ್ರವ್ಯರಾಶಿ ಕಿಲೋಗ್ರಾಮಿನಲ್ಲಿ ಬೇಕಾದರೆ 1 ಜಿಇವಿಗೆ 1.783 × 10⁻²⁷, ತಾಪ ಬೇಕಾದರೆ 1.16 × 10¹³ ಕೆಲ್ವಿನ್. ಕೋಣೆಯ ತಾಪ ಒಂದು ಎಲೆಕ್ಟ್ರಾನ್‌ವೋಲ್ಟಿನ ನಲವತ್ತರಲ್ಲಿ ಒಂದು ಪಾಲು ಎಂಬುದು ಇದರಿಂದಲೇ.

ಸಂಖ್ಯೆಯ ಬದಲು ಸೂತ್ರವೇ ವಾಪಸು ಬೇಕೆಂದಿಟ್ಟುಕೊಳ್ಳಿ. ‘ಎಲೆಕ್ಟ್ರಾನಿನ ಕಾಂಪ್ಟನ್ ಉದ್ದ = 1/ದ್ರವ್ಯರಾಶಿ’ ಎಂದು ಪುಸ್ತಕ ಹೇಳುತ್ತದೆ. ಎಡಗಡೆ ಉದ್ದ ಬೇಕು. ಬಲಗಡೆಗೆ ಎಚ್-ಬಾರ್‌ನ ಒಂದು ಘಾತ, ಬೆಳಕಿನ ವೇಗದ ಇನ್ನೊಂದು ಘಾತ ಸೇರಿಸಿ, ಮೀಟರು, ಸೆಕೆಂಡು, ಕಿಲೋಗ್ರಾಂ ಮೂರೂ ಹೊಂದುವ ಹಾಗೆ ಆ ಘಾತಗಳನ್ನು ಕಂಡುಹಿಡಿಯಿರಿ. ಉತ್ತರ ಒಂದೇ ಬರುತ್ತದೆ: ಎಚ್-ಬಾರ್ ÷ (ದ್ರವ್ಯರಾಶಿ × ಬೆಳಕಿನ ವೇಗ). ಬೇರೆ ಯಾವ ಜೋಡಣೆಯೂ ಹೊಂದುವುದಿಲ್ಲ. ಸ್ಥಿರಾಂಕಗಳನ್ನು ಧೈರ್ಯವಾಗಿ ಬಿಡಬಹುದಾದದ್ದು ಇದೇ ಕಾರಣಕ್ಕೆ.

ಹೆಜ್ಜೆ 4: ಮೊದಲ ಲೆಕ್ಕ, ಮ್ಯೂಯಾನಿನ ಆಯುಸ್ಸು

ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಯಾನುಗಳು ಹುಟ್ಟುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲೇ ಎಣಿಕೆಯ ಸಾಧನ ಹೊತ್ತು ಕೆ.ಜಿ.ಎಫ್. ಗಣಿಗೆ ಇಳಿದದ್ದು ಇವು ಎಷ್ಟು ಆಳದವರೆಗೆ ತೂರುತ್ತವೆ ಎಂದು ನೋಡಲು. ಗಣಿಯವರು ಆಳವನ್ನು ಅಡಿಯಲ್ಲಿ ಹೇಳುತ್ತಿದ್ದರು; ಮುಂದಿನ ಪ್ರಯೋಗಗಳು ನಡೆದ ಆಳ 7,600 ಅಡಿ. ಭೌತವಿಜ್ಞಾನಿಗಳು ಅದೇ ಆಳವನ್ನು ‘7,000 ಮೀಟರ್ ನೀರಿಗೆ ಸಮ’ ಎಂದು ಬರೆದರು. ಮೇಲಿಂದ ಇಳಿಯುವ ಮ್ಯೂಯಾನಿಗೆ ಅಡ್ಡ ಬರುವುದು ದಾರಿಯ ಉದ್ದಕ್ಕಿಂತ ದಾರಿಯಲ್ಲಿರುವ ದ್ರವ್ಯ. ಕೆ.ಜಿ.ಎಫ್. ಬಂಡೆ ನೀರಿನ ಸುಮಾರು ಮೂರರಷ್ಟು ಭಾರ, ಹಾಗಾಗಿ 2,300 ಮೀಟರ್ ಬಂಡೆ ಅಂದರೆ 7,000 ಮೀಟರ್ ನೀರು. ಈ ಆಯ್ಕೆ ಮಾಡಿಕೊಂಡದ್ದರಿಂದ ಬೆಟ್ಟದ ಸುರಂಗದ ಪ್ರಯೋಗವನ್ನೂ ಸರೋವರದ ತಳದ ಪ್ರಯೋಗವನ್ನೂ ಒಂದೇ ನಕ್ಷೆಯ ಮೇಲೆ ಇಡಬಹುದು.

ಮ್ಯೂಯಾನು ತಾನಾಗಿ ಕ್ಷಯಿಸುತ್ತದೆ. ಕಾರಣ ‘ದುರ್ಬಲ ಬಲ’, ಪ್ರಕೃತಿಯ ನಾಲ್ಕು ಮೂಲ ಬಲಗಳಲ್ಲೊಂದು. ಅದರ ಪ್ರಬಲತೆ ಅಳೆಯುವುದು ಫರ್ಮಿ ಸ್ಥಿರಾಂಕ: 1.166 × 10⁻⁵ ಜಿಇವಿ⁻². ಮ್ಯೂಯಾನಿನ ದ್ರವ್ಯರಾಶಿ 0.1057 ಜಿಇವಿ. ಕ್ಷಯದ ದರದಲ್ಲಿ ಫರ್ಮಿ ಸ್ಥಿರಾಂಕದ ವರ್ಗ ಬರಲೇಬೇಕು, ಅದು ಕ್ವಾಂಟಂ ನಿಯಮ. ವರ್ಗದ ಘಾತ −4. ದರ ಎಂದರೆ ಕಾಲದ ವಿಲೋಮ, ಅದರ ಘಾತ 1. ಆ ವ್ಯತ್ಯಾಸ ತುಂಬಲು ನಮ್ಮ ಕೈಯಲ್ಲಿರುವ ಇನ್ನೊಂದೇ ರಾಶಿ ಮ್ಯೂಯಾನಿನ ದ್ರವ್ಯರಾಶಿ. ಹಾಗಾದರೆ ಅದರ ಐದನೆಯ ಘಾತ. ಯಾವ ಸಮೀಕರಣವನ್ನೂ ಬಿಡಿಸದೆ ಸೂತ್ರದ ಮೈಕಟ್ಟು ಸಿಕ್ಕಿತು. ಪೂರ್ತಿ ಲೆಕ್ಕ ಮಾಡಿದವರು ಹೇಳುವುದು ಇದಕ್ಕೆ 192 × ಪೈ³ ಎಂಬ ಭಾಜಕ ಇದೆ ಎಂದು.

ಈಗ ಸಂಖ್ಯೆ ಹಾಕಿ. ಫರ್ಮಿ ಸ್ಥಿರಾಂಕದ ವರ್ಗ 1.36 × 10⁻¹⁰. ದ್ರವ್ಯರಾಶಿಯ ಐದನೆಯ ಘಾತ 1.32 × 10⁻⁵. ಗುಣಲಬ್ಧ 1.79 × 10⁻¹⁵ ಜಿಇವಿ. 192 × ಪೈ³ ಅಂದರೆ ಸುಮಾರು 5,953. ಅದನ್ನು ಗುಣಲಬ್ಧದಿಂದ ಭಾಗಿಸಿದರೆ ಆಯುಸ್ಸು 3.32 × 10¹⁸ ಜಿಇವಿ⁻¹. ಹೆಜ್ಜೆ 3ರ ಮೊದಲ ಸಂಖ್ಯೆಯಿಂದ ಗುಣಿಸಿ: 2.19 × 10⁻⁶ ಸೆಕೆಂಡ್. ಪ್ರಯೋಗದಲ್ಲಿ ಅಳೆದದ್ದು 2.197 × 10⁻⁶. ಉಳಿದ ಅರ್ಧ ಶೇಕಡಾದ ಕೊರತೆ ನಾವು ಬಿಟ್ಟ ಚಿಕ್ಕಪುಟ್ಟ ತಿದ್ದುಪಡಿಗಳದ್ದು. ಎರಡು ಅಳತೆ, ಒಂದು ಭಾಗಾಕಾರ! ಎಸ್‌ಐನಲ್ಲಿ ಇದೇ ಲೆಕ್ಕ ಮಾಡಿ ನೋಡಿ, ಎಚ್-ಬಾರ್‌ನ ಏಳನೆಯ ಘಾತ ಹೊತ್ತು ತಿರುಗಬೇಕಾಗುತ್ತದೆ.

ಬೆಳಕಿನ ವೇಗ 1 ಆಗಿರುವಾಗ ಈ ಆಯುಸ್ಸನ್ನು 659 ಮೀಟರ್ ಎಂದೂ ಹೇಳಬಹುದು. ಹಾಗೆ ಹೇಳಿದರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಹುಟ್ಟಿದ್ದು ನೆಲ ಮುಟ್ಟುವುದಾದರೂ ಹೇಗೆ? ಶಕ್ತಿಯನ್ನು ದ್ರವ್ಯರಾಶಿಯಿಂದ ಭಾಗಿಸಿ, ಕಾಲ ಎಷ್ಟು ಪಟ್ಟು ಹಿಗ್ಗುತ್ತದೆ ಎಂದು ಸಿಗುತ್ತದೆ. 10 ಜಿಇವಿಯ ಮ್ಯೂಯಾನಿಗೆ ಸುಮಾರು 95 ಪಟ್ಟು. 659 ಮೀಟರ್ ಈಗ 62 ಕಿಲೋಮೀಟರ್.

ಹೆಜ್ಜೆ 5: ಎರಡನೆಯ ಲೆಕ್ಕ, ಬಂಡೆಗೆ ಬಡಿಯುವ ನ್ಯೂಟ್ರಿನೊ

1965ರಲ್ಲಿ ಕೆ.ಜಿ.ಎಫ್. ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರು ಕೂಡಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಅದೇ ಸಿಕ್ಕಿತು. ಅಲ್ಲೂ ಚಿನ್ನ, ಇಲ್ಲೂ ಚಿನ್ನ: ಅಷ್ಟು ಆಳಕ್ಕೆ ಅಗೆಯುವ ದುಡ್ಡು ಬೇರೆ ಯಾವ ಲೋಹಕ್ಕೆ ಬರುತ್ತದೆ? ಮೇಲಿಂದ ಬರುವ ಮ್ಯೂಯಾನುಗಳನ್ನು ಬಂಡೆ ಹೆಚ್ಚುಕಡಿಮೆ ತಡೆಯುತ್ತದೆ. ಆದರೂ ಅಡ್ಡಡ್ಡವಾಗಿ ಬಂದ ಮ್ಯೂಯಾನು ಕಂಡರೆ ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದು ಎಂದೇ ತಿಳಿಯಬೇಕು.

ನ್ಯೂಟ್ರಿನೊ ಒಂದು ಪ್ರೋಟಾನಿಗೋ ನ್ಯೂಟ್ರಾನಿಗೋ ಬಡಿಯುವ ಸಂಭವವನ್ನು ವಿಸ್ತೀರ್ಣವಾಗಿ ಹೇಳುವುದು ವಾಡಿಕೆ. ವಿಸ್ತೀರ್ಣದ ಘಾತ −2. ಇಲ್ಲೂ ಫರ್ಮಿ ಸ್ಥಿರಾಂಕದ ವರ್ಗ, ಘಾತ −4. ವ್ಯತ್ಯಾಸ ತುಂಬಲು ಶಕ್ತಿಯ ವರ್ಗ ಬೇಕು. ಯಾವ ಶಕ್ತಿ? ಡಿಕ್ಕಿಯಲ್ಲಿ ನಿಜವಾಗಿ ದಕ್ಕುವ ಶಕ್ತಿಯ ವರ್ಗ, ಅಂದರೆ ಸುಮಾರಾಗಿ 2 × ಪ್ರೋಟಾನಿನ ದ್ರವ್ಯರಾಶಿ × ನ್ಯೂಟ್ರಿನೊ ಶಕ್ತಿ. 10 ಜಿಇವಿಯ ನ್ಯೂಟ್ರಿನೊಗೆ ಅದು 18.8 ಜಿಇವಿ². ಫರ್ಮಿ ಸ್ಥಿರಾಂಕದ ವರ್ಗದಿಂದ ಗುಣಿಸಿ ಪೈನಿಂದ ಭಾಗಿಸಿದರೆ 8.1 × 10⁻¹⁰ ಜಿಇವಿ⁻². ಚದರ ಮೀಟರಿಗೆ ತಿರುಗಿಸಿದರೆ 3.2 × 10⁻⁴¹.

ಪ್ರಯೋಗದಲ್ಲಿ ಅಳೆದದ್ದು 6.7 × 10⁻⁴² ಸುಮಾರು. ನಮ್ಮ ಉತ್ತರ ಐದರಷ್ಟು ಹೆಚ್ಚಾಯಿತು. ಇದನ್ನು ನೋಡಿ ಕೈಬಿಡಬೇಡಿ, ಆಯಾಮದ ಲೆಕ್ಕದ ಮಿತಿಯೇ ಇದು. ಪ್ರೋಟಾನು ಒಂದೇ ಗುಂಡಲ್ಲ, ಒಳಗಿನ ಕ್ವಾರ್ಕುಗಳು ಅದರ ಸಂವೇಗವನ್ನು ಹಂಚಿಕೊಂಡಿವೆ, ನ್ಯೂಟ್ರಿನೊ ಬಡಿಯುವುದು ಒಂದು ಪಾಲಿಗೆ ಮಾತ್ರ. ಏಕಮಾನ ಸರಿಪಡಿಸುವುದರಿಂದ ಆ ಭೌತವಿಜ್ಞಾನ ಸಿಗುವುದಿಲ್ಲ. 10⁻⁴¹ ಆಸುಪಾಸು ಎಂಬುದು ಸಿಕ್ಕಿತಲ್ಲ, ಪ್ರಯೋಗ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸಲು ಅಷ್ಟು ಸಾಕು.

ಅಳೆದ ಸಂಖ್ಯೆಯನ್ನೇ ಹಿಡಿದು ಮುಂದುವರಿಯೋಣ. ಕೆ.ಜಿ.ಎಫ್. ಬಂಡೆಯ ಒಂದು ಘನ ಮೀಟರಿನಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 1.8 × 10³⁰. ವಿಸ್ತೀರ್ಣದಿಂದ ಗುಣಿಸಿ ತಲೆಕೆಳಗು ಮಾಡಿದರೆ, ಒಂದು ನ್ಯೂಟ್ರಿನೊ ಸರಾಸರಿ ಇಂಥ ಬಂಡೆಯಲ್ಲಿ ಸುಮಾರು 8 ಕೋಟಿ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಡಿಯುತ್ತದೆ. ಸೂರ್ಯನ ದೂರದ ಅರ್ಧಕ್ಕೂ ಹೆಚ್ಚು. ಭೂಮಿಯ ವ್ಯಾಸ ಬರೀ 12,742 ಕಿಲೋಮೀಟರ್. ಬಂಡೆ ಮ್ಯೂಯಾನಿಗೆ ಗೋಡೆ, ನ್ಯೂಟ್ರಿನೊಗೆ ಇಲ್ಲವೇ ಇಲ್ಲ ಎನ್ನುವಂತೆ. 1965ರ ಪ್ರಯೋಗ ಬೆರಳೆಣಿಕೆಯ ಘಟನೆಗಳಿಗೆ ತಿಂಗಳುಗಟ್ಟಲೆ ಕಾದದ್ದು ಈ ಕಾರಣಕ್ಕೆ.

ಹೆಜ್ಜೆ 6: ಮೂರನೆಯ ಲೆಕ್ಕ, 140 ಟನ್ ಕಬ್ಬಿಣ ಯಾಕೆ?

1980ರಲ್ಲಿ ಅದೇ ಗಣಿಯ 2,300 ಮೀಟರ್ ಆಳದಲ್ಲಿ ಕಬ್ಬಿಣದ ಹಲಗೆಗಳ ನಡುವೆ ಎಣಿಕೆಯ ಕೊಳವೆಗಳನ್ನು ಜೋಡಿಸಿ, ಒಟ್ಟು 140 ಟನ್ನಿನ ಸಾಧನ ಕಟ್ಟಿದರು. ಉದ್ದೇಶ, ಪ್ರೋಟಾನು ಸಾಯುವುದನ್ನು ನೋಡುವುದು. ಅಷ್ಟೇ ಟನ್ ಯಾಕೆ ಎಂಬುದಕ್ಕೂ ಇದೇ ಅಂಚಿನ ಲೆಕ್ಕ ಉತ್ತರ ಕೊಡುತ್ತದೆ.

ಆಗಿನ ಮಹಾ ಏಕೀಕರಣ ಸಿದ್ಧಾಂತಗಳ (ಗುರುತ್ವ ಬಿಟ್ಟು ಉಳಿದ ಬಲಗಳನ್ನು ಒಂದೇ ಬಲದ ಮುಖಗಳೆಂದು ನೋಡುವಂಥವು) ಪ್ರಕಾರ ಪ್ರೋಟಾನನ್ನು ಒಡೆಯುವುದು ಅತಿ ಭಾರದ ಒಂದು ಕಣ. ಅದರ ದ್ರವ್ಯರಾಶಿ 10¹⁵ ಜಿಇವಿ ಸುಮಾರು ಎಂದಿಟ್ಟುಕೊಳ್ಳಿ. ಮ್ಯೂಯಾನಿನ ಕ್ಷಯದಲ್ಲಿ ಫರ್ಮಿ ಸ್ಥಿರಾಂಕ ನಿಂತ ಜಾಗದಲ್ಲಿ ಇಲ್ಲಿ ‘ಬಲದ ಪ್ರಬಲತೆ ÷ ಭಾರದ ಕಣದ ದ್ರವ್ಯರಾಶಿಯ ವರ್ಗ’ ನಿಲ್ಲುತ್ತದೆ. ಪ್ರಬಲತೆ ಏಕಮಾನವಿಲ್ಲದ ಸಂಖ್ಯೆ, ನಲವತ್ತರಲ್ಲಿ ಒಂದು ಎಂದು ಹಿಡಿಯಿರಿ. 192 × ಪೈ³ ಎಂಬ ಭಾಜಕವೊಂದನ್ನು ಬಿಟ್ಟು ಮಿಕ್ಕದ್ದು ಹಿಂದಿನ ಹಾಗೆಯೇ: ದರ ಅಂದರೆ ಇದರ ವರ್ಗ ಗುಣಿಸು ಪ್ರೋಟಾನಿನ ದ್ರವ್ಯರಾಶಿಯ ಐದನೆಯ ಘಾತ. ಆಯುಸ್ಸು ಬರುವುದು 2.2 × 10⁶³ ಜಿಇವಿ⁻¹. ಸೆಕೆಂಡಿಗೆ ತಿರುಗಿಸಿದರೆ 1.45 × 10³⁹, ವರ್ಷಕ್ಕೆ ತಿರುಗಿಸಿದರೆ 4.6 × 10³¹.

ವಿಶ್ವದ ವಯಸ್ಸು 1.4 × 10¹⁰ ವರ್ಷ ಇರುವಾಗ 10³¹ ವರ್ಷ ಕಾಯುವವರಾರು? ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯುವ ಬದಲು ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯಬಹುದು. 140 ಟನ್ ದ್ರವ್ಯದಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 8.4 × 10³¹. ಭಾಗಿಸಿ ನೋಡಿ, ವರ್ಷಕ್ಕೆ ಒಂದೋ ಎರಡೋ. ನೂರಾರು ಟನ್ನಿನ ಸಾಧನ ಕಟ್ಟಿದರೆ ಏನಾದರೂ ಕಂಡೀತು ಎಂಬ ಆಸೆಗೆ ಇಷ್ಟು ಗಟ್ಟಿ ತಳಪಾಯ ಇತ್ತು.

ಕೆ.ಜಿ.ಎಫ್. ತಂಡ ಪ್ರೋಟಾನು ಕ್ಷಯವಿರಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿತು. ಬೇರೆ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಈಗ ಹೇಳುವುದು ಪಾಸಿಟ್ರಾನು ಮತ್ತು ಪೈಯಾನಾಗಿ ಒಡೆಯುವ ದಾರಿಯಲ್ಲಿ ಪ್ರೋಟಾನಿನ ಆಯುಸ್ಸು 10³⁴ ವರ್ಷಕ್ಕೂ ಮೇಲೆ ಎಂದು. ನಮ್ಮ ಲೆಕ್ಕ ಅದಕ್ಕೆ ಎದುರು ನಿಂತ ಹಾಗಾಯಿತೇ? ಆಯುಸ್ಸಿನಲ್ಲಿ ಭಾರದ ಕಣದ ದ್ರವ್ಯರಾಶಿ ನಾಲ್ಕನೆಯ ಘಾತದಲ್ಲಿದೆ. ಅದನ್ನು 10¹⁵ರಿಂದ 10¹⁶ ಜಿಇವಿ ಮಾಡಿ, ಆಯುಸ್ಸು ಹತ್ತು ಸಾವಿರ ಪಟ್ಟು ಏರಿ 10³⁵ ದಾಟುತ್ತದೆ. ಇಂಥ ಲೆಕ್ಕದಲ್ಲಿ ಕೊನೆಯ ಸಂಖ್ಯೆಗಿಂತ ಯಾವ ರಾಶಿ ಎಷ್ಟನೆಯ ಘಾತದಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ಹೆಜ್ಜೆ 7: ವಿದ್ಯುದಂಶ ಬಂದಾಗ ಎಚ್ಚರ

ಇಲ್ಲಿ ಪುಸ್ತಕ ಪುಸ್ತಕಕ್ಕೂ ಬೇರೆ ಪದ್ಧತಿ. ಎಲೆಕ್ಟ್ರಾನಿನ ವಿದ್ಯುದಂಶ ಒಂದು ಪುಸ್ತಕದಲ್ಲಿ 0.303, ಇನ್ನೊಂದರಲ್ಲಿ 0.0854. ಎರಡೂ ಸರಿ. ಮೊದಲನೆಯದು 4 ಪೈ ಅನ್ನು ವಿದ್ಯುದಂಶದೊಳಗೆ ಸೇರಿಸಿದ ಹೆವಿಸೈಡ್-ಲೊರೆಂಟ್ಸ್ ಪದ್ಧತಿ, ಎರಡನೆಯದು ಗೌಸ್ ಪದ್ಧತಿ. ಎರಡರಲ್ಲೂ ಬದಲಾಗದ್ದು ಸೂಕ್ಷ್ಮ ರಚನಾ ಸ್ಥಿರಾಂಕ, 1/137.036. ಏಕಮಾನವಿಲ್ಲದ ಈ ಸಂಖ್ಯೆಯನ್ನು ಯಾವ ಪದ್ಧತಿಯಿಂದಲೂ 1 ಮಾಡಲಾಗದು. ಹಾರ್ಟ್ರಿ ಪದ್ಧತಿಯಲ್ಲಿ ಬೆಳಕಿನ ವೇಗ 137 ಆದದ್ದು ಇದರಿಂದಲೇ: ವಿದ್ಯುದಂಶವನ್ನೂ ಎಚ್-ಬಾರ್‌ ಅನ್ನೂ 1 ಮಾಡಿದ ಮೇಲೆ ಈ ಸಂಖ್ಯೆಗೆ ಉಳಿದಿದ್ದ ಜಾಗ ಅದೊಂದೇ. ಹಾಗಾಗಿ ಹೊಸ ಪುಸ್ತಕ ಹಿಡಿದಾಗ ಮೊದಲು ಸೂಕ್ಷ್ಮ ರಚನಾ ಸ್ಥಿರಾಂಕವನ್ನು ವಿದ್ಯುದಂಶದ ಮೂಲಕ ಹೇಗೆ ಬರೆದಿದ್ದಾರೆ ಎಂದು ಹುಡುಕಿ. ಅದೊಂದು ಸಾಲಿನಿಂದ ಪುಸ್ತಕದ ಪದ್ಧತಿ ಪೂರ್ತಿ ತಿಳಿಯುತ್ತದೆ.

ನೀವೇ ಮಾಡಿ ನೋಡಲು ಎರಡು ಲೆಕ್ಕ. ಪೈಯಾನಿನ ದ್ರವ್ಯರಾಶಿ 0.1396 ಜಿಇವಿ, ಅದು ಹೊತ್ತೊಯ್ಯುವ ಬಲ ಎಷ್ಟು ದೂರ ತಲುಪೀತು? (1.4 × 10⁻¹⁵ ಮೀಟರ್, ಹೆಚ್ಚುಕಡಿಮೆ ಪರಮಾಣು ಬೀಜದೊಳಗಿನ ದೂರ.) ಗುರುತ್ವ ಸ್ಥಿರಾಂಕ ಈ ಪದ್ಧತಿಯಲ್ಲಿ 6.7 × 10⁻³⁹ ಜಿಇವಿ⁻². ಇದನ್ನು ಒಂದು ದ್ರವ್ಯರಾಶಿಯಾಗಿ ತಿರುಗಿಸಿ. (ತಲೆಕೆಳಗು ಮಾಡಿ ವರ್ಗಮೂಲ ತೆಗೆದರೆ 1.22 × 10¹⁹ ಜಿಇವಿ. ಕಿಲೋಗ್ರಾಮಿಗೆ ಬದಲಾಯಿಸಿದರೆ 2.18 × 10⁻⁸, ಮೇಲೆ ಹೇಳಿದ ಪ್ಲಾಂಕ್ ದ್ರವ್ಯರಾಶಿ.)